ಹಿಮದ ಇಳಿಜಾರು, ಬುಡದ ಹಳ್ಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡಿಕೆ ಸುಗ್ಗಿ ಮುಗಿಯುತ್ತ ಬಂದಂತೆ ಮಲೆನಾಡಿನ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ಹಿಂದಿನಿಂದ ಬಂದ ರೂಢಿ. ಹಿರಿಯರ ಕಾಲದಲ್ಲಿ ಆ ಮಾತು ಕಾಶಿ, ಬದರಿ, ರಾಮೇಶ್ವರಗಳ ಸುತ್ತ ಇರುತ್ತಿತ್ತು. ಈ ಸಲ ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರು ಪತ್ರಗಳು ಹಿಮಾಲಯದ ಸ್ಕೀಯಿಂಗ್, ಅಂದರೆ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟದ ಕುರಿತೇ ಇವೆ. ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಮನಾಲಿಯ ಮೇಲಿನ ಸೋಲಂಗ್ ಕಣಿವೆಯಲ್ಲಿ ಎರಡು ವಾರ ಕಲಿತು, ಆಮೇಲೆ ಮೂರು ಚಳಿಗಾಲ ಆ ಭಾಗದ ಹಳ್ಳಿಮನೆಗಳಲ್ಲೇ ಉಳಿದು ಬಂದವನು. ಆ ಅನುಭವದ ಬಲದ ಮೇಲೆ ಆರಕ್ಕೂ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಜನವರಿ ಕೊನೆಗೆ ನಮ್ಮ ಕೊನೆಕೊಯ್ಲು ಮುಗಿಯುತ್ತದೆ. ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಹಿಮ ನೋಡಿ, ಸ್ಕೀಯಿಂಗ್ ಕೂಡ ಮಾಡುವ ಆಸೆಯಿದೆ. ಔಲಿ, ಗುಲ್ಮಾರ್ಗ, ಸೋಲಂಗ್ ಈ ಮೂರರಲ್ಲಿ ಯಾವುದು ಸೂಕ್ತ? (ತೀರ್ಥಹಳ್ಳಿಯ ಓದುಗರು)

ಉತ್ತರ: ನಿಮ್ಮ ಸುಗ್ಗಿಯ ಲೆಕ್ಕಕ್ಕೂ ಹಿಮದ ಲೆಕ್ಕಕ್ಕೂ ಚೆನ್ನಾಗಿ ಹೊಂದಿಕೆಯಾಗುತ್ತದೆ. ಡಿಸೆಂಬರಿನಲ್ಲಿ ಹಿಮ ಇನ್ನೂ ತೆಳುವಾಗಿದ್ದು ಕಲ್ಲುಗಳು ಮೇಲೆದ್ದಿರುವುದುಂಟು. ಜನವರಿ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿಯಲ್ಲಿ ಒಂದರ ಮೇಲೊಂದು ಪದರ ಕೂತು ಇಳಿಜಾರು ನುಣುಪಾಗಿರುತ್ತದೆ.

ಹಿಮದ ಗುಣ ಮತ್ತು ಪ್ರಮಾಣ ಎರಡರಲ್ಲೂ ಗುಲ್ಮಾರ್ಗ ಮೇಲು. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಈ ಬಯಲು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಡಚಾದ್ರಿಯ ಎತ್ತರ 1,343 ಮೀಟರ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಹೊಸಬರು ಕಲಿಯಲು ಅಲ್ಲಿ ಬಟ್ಟಲಿನಂತಹ ಮೆಲು ಇಳಿಜಾರುಗಳಿವೆ. ಉತ್ತರಾಖಂಡದ ಔಲಿಯಲ್ಲಿ ನೋಟ ಭವ್ಯ, ಎದುರಿಗೆ ನಂದಾದೇವಿ ಕಾಣುತ್ತದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗಳ ಸ್ಕೀಯಿಂಗ್ ಸ್ಪರ್ಧೆಗಳು ನಡೆದದ್ದು ಅಲ್ಲೇ. ಆದರೆ 2023ರ ಜನವರಿಯಲ್ಲಿ ಕೆಳಗಿನ ಜೋಶಿಮಠದ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟವು, ಜೋಶಿಮಠದಿಂದ ಔಲಿಗೆ ಹೋಗುವ ರೋಪ್‌ವೇ ಕೂಡ ಆಗ ನಿಂತಿತು. ಅಲ್ಲಿಗೆ ಹೋಗುವವರು ರಸ್ತೆಯ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಂಡು, ಹೊರೆ ಹೊತ್ತು ಸುಸ್ತಾಗಿರುವ ಊರೊಂದರ ಮೂಲಕ ಹಾದುಹೋಗುತ್ತಿದ್ದೇವೆ ಎಂಬ ಅರಿವನ್ನೂ ಇಟ್ಟುಕೊಳ್ಳಬೇಕು.

ಮಕ್ಕಳೊಂದಿಗೆ ಮೊದಲ ಸಲ ಹೋಗುವ ನಿಮಗೆ ನಾನು ಸೋಲಂಗ್ ಅನ್ನೇ ಹೇಳುತ್ತೇನೆ. ಇಳಿಜಾರು ಚಿಕ್ಕದು, ರಜಾದಿನಗಳಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ, ಆ ಮಾತು ನಿಜ. ಆದರೆ ಮನಾಲಿಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ ಹಳೆಯ ಹಳ್ಳಿಗಳಿವೆ, ಮಕ್ಕಳು ಜಾರಿ ದಣಿದ ಮೇಲೆ ನೋಡಲು, ಕೂರಲು, ಮಾತಾಡಲು ಒಂದು ಬದುಕು ಅಲ್ಲಿ ಕಣ್ಣೆದುರಿಗೇ ಇದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವಿನ ದಿನಗಳನ್ನು ಆರಿಸಿಕೊಳ್ಳಿ. ದೆಹಲಿಯಿಂದ ಮನಾಲಿಗೆ ಬಸ್ಸಿನಲ್ಲಿ ಒಂದು ರಾತ್ರಿ ಪೂರ್ತಿ ಬೇಕು. ತಲುಪಿದ ದಿನವೇ ಇಳಿಜಾರಿಗೆ ಹೋಗದೆ ಒಂದು ಹಗಲು ಸುಮ್ಮನೆ ಓಡಾಡಿಕೊಂಡಿದ್ದರೆ ಎತ್ತರಕ್ಕೆ ಮೈ ಒಗ್ಗುತ್ತದೆ.

ಪ್ರಶ್ನೆ: ಗುಲ್ಮಾರ್ಗದಲ್ಲಿ ಒಂದು ಗಂಟೆ ಹೇಳಿಸಿಕೊಂಡರೆ ಸಾಕು, ಗೊಂಡೋಲಾ ಎಂಬ ರೋಪ್‌ವೇಯಲ್ಲಿ ತುದಿಗೆ ಹೋಗಿ ಅಲ್ಲಿಂದ ಸ್ಕೀ ಮಾಡುತ್ತ ಇಳಿಯಬಹುದು ಎಂದು ನನ್ನ ಗೆಳೆಯ ಹೇಳುತ್ತಾನೆ. ನಾವು ಗುಡ್ಡ ಹತ್ತಿ ರೂಢಿ ಇರುವವರು. ಇದು ಸಾಧ್ಯವೇ? (ಸಾಗರದ ಓದುಗರು)

ಉತ್ತರ: ದಯವಿಟ್ಟು ಈ ಮಾತನ್ನು ನಂಬಬೇಡಿ. ಗುಡ್ಡ ಹತ್ತುವವನ ಕಾಲಿಗೆ ಬಲವಿರುತ್ತದೆ, ಆದರೆ ಸ್ಕೀಯಿಂಗ್‌ನಲ್ಲಿ ಮೊದಲು ಕಲಿಯಬೇಕಾದದ್ದು ನಿಲ್ಲುವ ವಿದ್ಯೆಯನ್ನು.

ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಬೇಸಿಗೆಯಲ್ಲಿ ಕರಡ ಒಣಗಿ ಹೊಂಬಣ್ಣಕ್ಕೆ ತಿರುಗಿದ ಗುಡ್ಡದ ನೆತ್ತಿಗೆ ಅಡಿಕೆ ಹಾಳೆ ಒಯ್ದು, ಅದರ ಅಗಲವಾದ ಭಾಗದಲ್ಲಿ ಕೂತು, ಮುಂದಿನ ದಂಟನ್ನು ಎರಡೂ ಕೈಯಲ್ಲಿ ಹಿಡಿದು ನಾವೆಲ್ಲ ಜಾರಿದ್ದೇವೆ. ಮೊದಲು ಹಾಳೆ ಕದಲುವುದಿಲ್ಲ, ಹಿಂದಿನವನು ಒಂದು ಸಲ ನೂಕುತ್ತಾನೆ, ಹುಲ್ಲು ಸರ್ ಎನ್ನುತ್ತದೆ, ಅಷ್ಟರಲ್ಲಿ ಗುಡ್ಡದ ಬುಡದ ಅಗಳು ಕಣ್ಣೆದುರು ಬಂದಿರುತ್ತದೆ. ಹಾಳೆಗೆ ಬ್ರೇಕ್ ಇಲ್ಲ, ಆದ್ದರಿಂದ ಪಕ್ಕಕ್ಕೆ ಉರುಳಿ ಬೀಳುವುದೇ ನಮಗಿದ್ದ ಒಂದೇ ಉಪಾಯವಾಗಿತ್ತು. ಒಂದು ಗಂಟೆ ಕಲಿತು ತುದಿಗೆ ಹೋಗುವವನ ಸ್ಥಿತಿಯೂ ಅದೇ ಆಗಿರುತ್ತದೆ, ಆದರೆ ಅಲ್ಲಿ ಕೆಳಗಿರುವುದು ಕಂದರ.

ಸ್ಕೀ ಹಲಗೆಗೆ ಎರಡು ಬದಿಯಲ್ಲೂ ಉಕ್ಕಿನ ಅಂಚಿದೆ, ಅದೇ ಅದರ ಬ್ರೇಕ್. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿದರೆ ವೇಗ ತಗ್ಗುತ್ತದೆ. ಸ್ನೋಪ್ಲೋ ಎಂದು ಕರೆಯುವ ಈ ಭಂಗಿ ಹಿಮಕ್ಕೆ ನೇಗಿಲು ಹೂಡಿದಂತೆ ಕಾಣುತ್ತದೆ. ಎಡಗಾಲಿಗೆ ಭಾರ ಕೊಟ್ಟರೆ ಬಲಕ್ಕೆ, ಬಲಗಾಲಿಗೆ ಕೊಟ್ಟರೆ ಎಡಕ್ಕೆ ತಿರುಗುತ್ತೇವೆ. ಹೇಳಲು ಇಷ್ಟೇ. ಆದರೆ ಹೆದರಿದ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದೊಡನೆ ಮುಂದಿನ ಅಂಚು ಹಿಮದ ಹಿಡಿತ ಕಳೆದುಕೊಂಡು ಹಲಗೆ ತನ್ನ ಮನಸ್ಸಿಗೆ ಬಂದಂತೆ ಓಡುತ್ತದೆ. ಮೊಣಕಾಲ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತುವಷ್ಟು ಮುಂದಕ್ಕೆ ಬಾಗಿರಬೇಕು ಎಂಬ ಒಂದು ಮಾತು ನನ್ನ ಮೈಗೆ ಹತ್ತಲು ಐದು ದಿನ ಹಿಡಿಯಿತು. ಮೊದಲ ಎರಡು ದಿನ ನಮಗೆ ಲಿಫ್ಟ್ ಇರಲೇ ಇಲ್ಲ. ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿಟ್ಟು ಏಡಿಯಂತೆ ಪಕ್ಕಕ್ಕೆ ಹೆಜ್ಜೆ ಹಾಕಿ ಹತ್ತುವುದು, ಹತ್ತಿಪ್ಪತ್ತು ಮಾರು ಜಾರುವುದು, ಮತ್ತೆ ಹತ್ತುವುದು.

ಇನ್ನು ಗೊಂಡೋಲಾದ ವಿಷಯ. ಮೊದಲ ಹಂತ ಕೊಂಗ್‌ಡೂರಿಯವರೆಗೆ, ಸುಮಾರು 3,080 ಮೀಟರ್. ಎರಡನೆಯ ಹಂತ ಅಫರ್ವಾತ್ ಪರ್ವತದ ಹೆಗಲಿಗೆ, ಸುಮಾರು 3,950 ಮೀಟರ್. ಮೇಲಿನ ಇಳಿಜಾರುಗಳ ಬಹುಭಾಗ ಯಂತ್ರದಿಂದ ಹದಗೊಳಿಸಿದ ಹಾದಿಯಾಗಿರದೆ ತೆರೆದ ಪರ್ವತವಾಗಿದೆ, ಮತ್ತು ಅಲ್ಲಿ ಅವಲಾಂಚಿನ, ಅಂದರೆ ಹಿಮದ ರಾಶಿ ಒಮ್ಮೆಲೇ ಕಳಚಿ ಕೆಳಕ್ಕೆ ನುಗ್ಗುವ ಅಪಾಯ ನಿಜವಾದದ್ದು. 2023ರ ಫೆಬ್ರವರಿ 1ರಂದು ಅಫರ್ವಾತ್‌ನಲ್ಲಿ ಇಬ್ಬರು ಪೋಲೆಂಡಿನ ಸ್ಕೀಯರ್‌ಗಳು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹೀಗೆಯೇ ತೀರಿಕೊಂಡರು. ಅವಲಾಂಚುಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದರಲ್ಲೂ ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನಗಳಲ್ಲಿ ಕಳಚುತ್ತವೆ. ಒಳ್ಳೆಯ ಸ್ಕೀಯರ್‌ಗೆ ಆಸೆ ಹುಟ್ಟಿಸುವುದೂ ಅದೇ ಇಳಿಜಾರು, ಅದೇ ಹೊಸ ಹಿಮ. ಹೂತವರನ್ನು ಹದಿನೈದು ನಿಮಿಷದೊಳಗೆ ತೆಗೆದರೆ ಬಹುಪಾಲು ಜನ ಉಳಿಯುತ್ತಾರೆ, ಆಮೇಲೆ ಆ ಸಾಧ್ಯತೆ ಬೇಗ ಕುಸಿಯುತ್ತದೆ. ಆದ್ದರಿಂದಲೇ ಅನುಭವಿಗಳು ಸಂಕೇತ ಕಳುಹಿಸುವ ಯಂತ್ರ, ಉದ್ದನೆಯ ಕೋಲು, ಸಲಿಕೆ ಈ ಮೂರೂ ಇಲ್ಲದೆ, ಸ್ಥಳೀಯ ಗೈಡ್ ಇಲ್ಲದೆ ಮೇಲೆ ಹೋಗುವುದಿಲ್ಲ.

ನೀವು ಗೊಂಡೋಲಾದಲ್ಲಿ ಹೋಗಿ, ನೋಡಿ, ಗೊಂಡೋಲಾದಲ್ಲೇ ಇಳಿದು ಬನ್ನಿ. ಸ್ಕೀ ಹಲಗೆಯನ್ನು ಕೆಳಗಿನ ಬಯಲಿನಲ್ಲಿ ಕಟ್ಟಿಕೊಳ್ಳಿ.

ಪ್ರಶ್ನೆ: ಹತ್ತೊಂಬತ್ತು ವರ್ಷದ ಮಗಳು ಹದಿನಾಲ್ಕು ದಿನದ ಸ್ಕೀಯಿಂಗ್ ತರಬೇತಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮಳೆನಾಡಿನ ಹುಡುಗಿಗೆ ಹಿಮದ ಆಟ ಒಗ್ಗೀತೇ? ಏನು ತಯಾರಿ ಬೇಕು? (ಶಿವಮೊಗ್ಗದ ತಾಯಿಯೊಬ್ಬರು)

ಉತ್ತರ: ಕಳುಹಿಸಿ. ಹದಿನಾಲ್ಕು ದಿನ ಕಲಿಯಲು ಹೊರಟವಳು ಒಂದು ಗಂಟೆಯಲ್ಲಿ ಕಲಿಯುತ್ತೇನೆ ಎನ್ನುವವರಿಗಿಂತ ಎಷ್ಟೋ ಸುರಕ್ಷಿತವಾಗಿರುತ್ತಾಳೆ. ಮನಾಲಿಯಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ 1961ರಲ್ಲಿ ಆರಂಭವಾದದ್ದು. ಗುಲ್ಮಾರ್ಗದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಿದೆ. ಎರಡೂ ಸರ್ಕಾರಿ ಸಂಸ್ಥೆಗಳು. ಊಟ, ವಸತಿ, ಸಲಕರಣೆ ಎಲ್ಲ ಒಂದೇ ಕಡೆ ಸಿಗುವ ಇಂತಹ ಶಿಬಿರಗಳಿಗೆ ಜಾಗ ಬೇಗ ತುಂಬುವುದರಿಂದ ಮಳೆಗಾಲದಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

ಮಳೆನಾಡಿನ ಹುಡುಗಿಯ ಬಗ್ಗೆ ಕೇಳಿದ್ದೀರಿ. ನಮ್ಮಷ್ಟೇ ಮಳೆ ಸುರಿಯುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನವರೆಗೆ ಹೋಗಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಕಾಫಿ ತೋಟದ ನಾಡಿನಿಂದ ಅಲ್ಲಿಯವರೆಗೆ ಹೋದ ಹೆಣ್ಣುಮಗಳೊಬ್ಬಳು ಕಣ್ಣಮುಂದಿರುವಾಗ ನಿಮ್ಮ ಮಗಳ ಹಟಕ್ಕೆ ಬೇರೆ ವಕೀಲರು ಬೇಕಿಲ್ಲ.

ತಯಾರಿಗೆ ಎರಡು ತಿಂಗಳು ಸಾಕು. ತೊಡೆಗೆ ಕಸುವು ಬೇಕು. ದಿನಾ ಬಸ್ಕಿ ಹೊಡೆಯಲಿ, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ನಿಮಿಷಗಟ್ಟಲೆ ನಿಲ್ಲಲಿ, ಮೆಟ್ಟಿಲು ಹತ್ತಿಳಿಯಲಿ. ಬಟ್ಟೆಯ ವಿಷಯದಲ್ಲಿ ಮಲೆನಾಡಿನವರಿಗೆ ಹೊಸ ಪಾಠವೇನೂ ಬೇಕಿಲ್ಲ: ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದ ಅಜ್ಜನಿಗೆ ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ, ಹತ್ತಿ ನೆನೆದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ ಎಂದು ಗೊತ್ತಿತ್ತು. ಒಳಗೆ ತೆಳು ಉಣ್ಣೆ, ನಡುವೆ ದಪ್ಪ ಉಣ್ಣೆ, ಹೊರಗೆ ನೀರು ಇಳಿಯದ ಜಾಕೆಟ್ ಇರಲಿ. ಜೀನ್ಸ್ ಬೇಡವೇ ಬೇಡ. ಕಪ್ಪು ಗಾಗಲ್ ಇಲ್ಲದೆ ಒಂದು ನಿಮಿಷವೂ ಇಳಿಜಾರಿನಲ್ಲಿ ಇರಬಾರದು. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದ ಶೇ. 80ರಷ್ಟನ್ನು ಮರಳಿ ಮುಖಕ್ಕೆ ಎರಚುತ್ತದೆ, ಹಗಲಿಡೀ ಏನೂ ಅನ್ನಿಸದೆ ರಾತ್ರಿ ಕಣ್ಣಿಗೆ ಮರಳು ತುಂಬಿದಂತೆ ಉರಿಯತೊಡಗುತ್ತದೆ.

ಒಂದು ಎಚ್ಚರಿಕೆಯನ್ನು ನನ್ನ ಮೈಮೇಲಿನ ಗುರುತಿನಿಂದಲೇ ಹೇಳಬೇಕು. ಮೊದಲ ವರ್ಷ ಶಿಬಿರ ಮುಗಿದ ಮೇಲೆ ರಸ್ತೆಬದಿಯ ಬಾಡಿಗೆ ಅಂಗಡಿಯೊಂದರಲ್ಲಿ ಸಲಕರಣೆ ಪಡೆದೆ. ಬೂಟು ಒಂದು ಅಳತೆ ದೊಡ್ಡದಿತ್ತು, ಹಲಗೆಗೆ ಬೂಟನ್ನು ಹಿಡಿಯುವ ಬೈಂಡಿಂಗ್ ತುಕ್ಕು ಹಿಡಿದಿತ್ತು, ಹೆಲ್ಮೆಟ್ ಇಲ್ಲವೆಂದರು. ಬಿದ್ದಾಗ ಬೈಂಡಿಂಗ್ ತಾನಾಗಿ ಬಿಚ್ಚಿಕೊಂಡು ಕಾಲನ್ನು ಬಿಡಬೇಕು, ಅದು ಬಿಡಲಿಲ್ಲ, ಬಲ ಮೊಣಕಾಲು ತಿರುಚಿತು. ಮೂರು ತಿಂಗಳು ತೋಟದ ಇಳಿಜಾರು ಇಳಿಯಲಾಗಲಿಲ್ಲ. ಕೊಡುವವರೆದುರೇ ಬೂಟು ಹಾಕಿ, ಬೈಂಡಿಂಗ್ ಬಿಚ್ಚಿ ಹಾಕಿ ನೋಡಿ, ನಮ್ಮ ತೂಕ ಹೇಳಿ ಅದರ ಬಿಗಿತವನ್ನು ಹೊಂದಿಸಿಕೊಂಡ ಮೇಲೆಯೇ ಹಣ ಕೊಡಬೇಕೆಂದು ಮಗಳಿಗೆ ಹೇಳಿ.

ಪ್ರಶ್ನೆ: ಕೊಡಚಾದ್ರಿ ಅಥವಾ ಮುಳ್ಳಯ್ಯನಗಿರಿಯಲ್ಲಿ ಕೃತಕ ಹಿಮ ಮಾಡಿ ಸ್ಕೀಯಿಂಗ್ ತರಲು ಸಾಧ್ಯವಿಲ್ಲವೇ? (ಕೊಪ್ಪದ ಓದುಗರು)

ಉತ್ತರ: ಸಾಧ್ಯವಿಲ್ಲ. ಹಿಮ ಮಾಡುವ ಯಂತ್ರ ನೀರಿನ ಹನಿಯನ್ನು ಗಾಳಿಗೆ ಚಿಮ್ಮಿಸುತ್ತದೆ, ಅದು ನೆಲ ಮುಟ್ಟುವ ಮೊದಲು ಹೆಪ್ಪುಗಟ್ಟಬೇಕಾದರೆ ಗಾಳಿ ಶೂನ್ಯಕ್ಕಿಂತ ಕೆಳಗೆ ತಣ್ಣಗಿರಬೇಕು. ನಮ್ಮ ಧನುರ್ಮಾಸದ ಚಳಿ ಅಲ್ಲಿಯವರೆಗೆ ಇಳಿಯುವುದಿಲ್ಲ. ದುಬೈನಲ್ಲಿ 2005ರಿಂದ ಇರುವಂತೆ ಮುಚ್ಚಿದ ಕಟ್ಟಡದೊಳಗೆ ಮಾಡಬಹುದು, ಅದಕ್ಕೆ ಬೆಟ್ಟವೇ ಬೇಕಿಲ್ಲ. ಕೊಡಚಾದ್ರಿಯ ಹುಲ್ಲುಗಾವಲು ಮತ್ತು ಶೋಲೆಕಾಡು ಮೂಕಾಂಬಿಕಾ ವನ್ಯಧಾಮದ ಭಾಗ. ಈಗಿನ ಜೀಪುಗಳ ಹೊರೆಯೇ ಅದಕ್ಕೆ ಹೆಚ್ಚಾಗಿದೆ.

ಪ್ರಶ್ನೆ: ಸ್ಕೀಯಿಂಗ್‌ಗಿಂತ ಅಲ್ಲಿಯ ಹಳ್ಳಿಗಳನ್ನು ನೋಡುವ ಆಸೆ ನನಗೆ ಹೆಚ್ಚು. ಏನನ್ನು ನೋಡಬೇಕು, ಹೇಗೆ ನಡೆದುಕೊಳ್ಳಬೇಕು? (ಹೊಸನಗರದ ಶಿಕ್ಷಕಿ)

ಉತ್ತರ: ಈ ಪ್ರಶ್ನೆ ಓದಿ ನನಗೆ ತುಂಬ ಸಂತೋಷವಾಯಿತು. ಹಿಮದ ಇಳಿಜಾರಿಗೆ ಹೋಗುವ ಲಕ್ಷಾಂತರ ಜನ ಕಾರಿನ ಕಿಟಕಿಯಿಂದಲೂ ನೋಡದೆ ದಾಟಿಹೋಗುವ, ಮನಾಲಿ ಸುತ್ತಲಿನ ಊರುಗಳಿವು.

ಮೊದಲು ಮನೆಗಳನ್ನು ನೋಡಿ. ಕಾಠ್‌ಕುಣಿ ಎಂಬ ಹಳೆಯ ಕ್ರಮದಲ್ಲಿ ದೇವದಾರು ತೊಲೆಯ ಒಂದು ಸಾಲು, ಕಲ್ಲಿನ ಒಂದು ಸಾಲು, ಮತ್ತೆ ತೊಲೆ, ಹೀಗೆ ಗಾರೆಯಿಲ್ಲದೆ ಗೋಡೆ ಏರುತ್ತದೆ. ಮೂಲೆಗಳಲ್ಲಿ ತೊಲೆಗಳು ಕೈಬೆರಳು ಹೆಣೆದಂತೆ ಒಂದಕ್ಕೊಂದು ಕೂತಿರುತ್ತವೆ. ಭೂಮಿ ನಡುಗಿದಾಗ ಇಂತಹ ಗೋಡೆ ಒಡೆಯದೆ ಒಲೆದಾಡಿ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಕೆಳ ಅಂತಸ್ತು ದನಗಳಿಗೆ, ಮೇಲಂತಸ್ತು ಜನರಿಗೆ. ನಮ್ಮಲ್ಲಿ ಕೊಟ್ಟಿಗೆ ಮನೆಯ ಪಕ್ಕದಲ್ಲಿರುತ್ತದೆ, ಅಲ್ಲಿ ಕೊಟ್ಟಿಗೆಯ ಬಿಸಿಯೇ ಮೇಲೇರಿ ಮಲಗುವವರ ಹಾಸುಹಲಗೆಯನ್ನು ಬೆಚ್ಚಗಿಡುತ್ತದೆ. ನಾನು ಉಳಿದಿದ್ದ ಮನೆಯಲ್ಲಿ ನಸುಕಿಗೆ ಎಚ್ಚರವಾಗುತ್ತಿದ್ದುದು ಹಾಸಿಗೆಯಡಿ ದನ ಮೈ ಕೊಡವಿಕೊಳ್ಳುವ ಸದ್ದಿಗೆ, ಮತ್ತು ಹಲಗೆಯ ಸಂದಿನಿಂದ ಬರುತ್ತಿದ್ದ ಒಣಹುಲ್ಲಿನ ವಾಸನೆಗೆ. ಕಣ್ಣು ಮುಚ್ಚಿಕೊಂಡಿದ್ದರೆ ಅಜ್ಜನ ಮನೆಯ ಅಟ್ಟದಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಹಿಡಿಂಬಾ ದೇವಸ್ಥಾನವನ್ನೂ, ನಗ್ಗರ್‌ನ ಹಳೆಯ ಅರಮನೆಯನ್ನೂ ನೋಡಿದರೆ ಮರದ ಈ ವಿದ್ಯೆಯ ಹಿರಿಮೆ ಇನ್ನಷ್ಟು ತಿಳಿಯುತ್ತದೆ.

ಊಟಕ್ಕೆ ಸಿಡ್ಡು ಕೇಳಿ. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟು ಅಥವಾ ಗಸಗಸೆ ತುಂಬಿ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ತುಪ್ಪ ಸುರಿದು ಕೊಡುತ್ತಾರೆ. ನಮ್ಮ ಕಡುಬಿನ ದಾಯಾದಿ ಎನ್ನಬಹುದು.

ಈಗ ನಡವಳಿಕೆಯ ಮಾತು. ಗೋಶಾಲ್, ಬುರುವಾ, ಶನಾಗ್, ಪಲ್ಚಾನ್, ಕೋಠಿ, ಸೋಲಂಗ್ ಮೊದಲಾದ ಊರುಗಳಲ್ಲಿ ಮಕರ ಸಂಕ್ರಾಂತಿಯಿಂದ 42 ದಿನ ಮೌನದ ಕಟ್ಟಳೆಯಿದೆ. ಆ ದಿನಗಳಲ್ಲಿ ಊರದೇವರುಗಳು ಸ್ವರ್ಗಕ್ಕೆ ಹೋಗಿರುತ್ತಾರೆ, ತಪಸ್ಸಿನಲ್ಲಿರುತ್ತಾರೆ, ಸದ್ದಾದರೆ ಅದಕ್ಕೆ ಭಂಗ ಬರುತ್ತದೆ ಎಂಬುದು ನಂಬಿಕೆ. ದೇವಸ್ಥಾನದ ಬಾಗಿಲು ಮುಚ್ಚಿ, ಗಂಟೆಗೆ ಬಟ್ಟೆ ಸುತ್ತಿ, ಒಳಗೆ ಜರಡಿ ಹಿಡಿದ ಮಣ್ಣು ಹರಡುತ್ತಾರೆ. ಟಿವಿಯ ಸದ್ದಿಲ್ಲ, ಫೋನ್ ರಿಂಗಾಗುವುದಿಲ್ಲ, ಹೊಲಕ್ಕೆ ಗುದ್ದಲಿ ಬೀಳುವುದಿಲ್ಲ. ಅವಧಿ ಮುಗಿದ ಮೇಲೆ ಬಾಗಿಲು ತೆರೆದು ಆ ಮಣ್ಣಿನಲ್ಲಿ ಕಂಡದ್ದರಿಂದ ವರ್ಷದ ಫಲ ತಿಳಿಯುತ್ತಾರೆ. ಸೀಗೆ ಹುಣ್ಣಿಮೆಯ ನಸುಕಿನಲ್ಲಿ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಭೂಮಿಯನ್ನು ಬಸುರಿಯೆಂದು ಕಂಡು ಬಯಕೆಯೂಟ ಬಡಿಸುವ ನಮಗೆ ಇದರ ಭಾವ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ: ಆ 42 ದಿನಗಳೇ ಸ್ಕೀಯಿಂಗ್‌ನ ತುಂಬು ಹಂಗಾಮು. ಕೆಳಗಿನ ರಸ್ತೆಯಲ್ಲಿ ಕಾರುಗಳ ಹಾಡು, ಮೇಲೆ ಪಿಸುಮಾತಿನ ಊರು. ಒಂದು ಸಂಜೆ ನಮ್ಮ ಗುಂಪಿನವರೊಬ್ಬರು ಅಂಗಳದಲ್ಲಿ ಸ್ಪೀಕರ್ ಹಚ್ಚಿದಾಗ ಮನೆಯ ಅಜ್ಜಿ ಬೈಯಲಿಲ್ಲ, ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟು ಬೆಟ್ಟದ ಕಡೆ ನೋಡಿದರು. ಆ ನೋಟ ನನಗೆ ಇಂದಿಗೂ ಮರೆತಿಲ್ಲ. ನೀವು ಆ ಅವಧಿಯಲ್ಲಿ ಹೋದರೆ ಫೋನಿನ ಸದ್ದು ಆರಿಸಿ, ಮಾತನ್ನು ತಗ್ಗಿಸಿ. ದೇವಸ್ಥಾನದ ಹತ್ತಿರ ಚರ್ಮದ ಬೆಲ್ಟು, ಚೀಲ ಬೇಡ, ಕೇಳದೆ ಗೋಡೆ ಮುಟ್ಟುವುದು, ಫೋಟೋ ತೆಗೆಯುವುದು ಬೇಡ. ಉಳಿಯಲು ಊರಿನವರ ಮನೆಯನ್ನೇ ಆರಿಸಿ, ಕಲಿಯಲು ಊರಿನ ಶಿಕ್ಷಕರನ್ನೇ ಕೇಳಿ. ಈ ಊರಿನವರಿಗೆ ಸ್ಕೀಯಿಂಗ್ ಹೊರಗಿನ ಆಟವಾಗಿ ಉಳಿದಿಲ್ಲ. 2018ರ ಜನವರಿಯಲ್ಲಿ ಟರ್ಕಿಯಲ್ಲಿ ಕಂಚು ಗೆದ್ದು, ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ ತಂದ ಆಂಚಲ್ ಠಾಕೂರ್ ಇದೇ ಬುರುವಾ ಊರಿನವರು.

ಪ್ರಶ್ನೆ: ಹಣ ಕಟ್ಟಿ ಹೋದ ಮೇಲೆ ಹಿಮವೇ ಇಲ್ಲದಿದ್ದರೆ? ಹಾಗಾಗಿದೆ ಎಂದು ಕೇಳಿದ್ದೇನೆ. (ಸೊರಬದ ಓದುಗರು)

ಉತ್ತರ: ಆಗಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗದ ಬಯಲು ಕಂದು ಹುಲ್ಲಿನಿಂದ ಬೋಳಾಗಿತ್ತು, ಅಲ್ಲಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಫೆಬ್ರವರಿ ಕೊನೆಗೆ ಹೋದವು. 2025ರಲ್ಲಿ ಮತ್ತೆ ಹಿಮ ಸಾಲದೆ ಮಾರ್ಚಿಗೆ ಹೋದವು.

ನಮಗೆ ಮುಂಗಾರು ಅರಬ್ಬೀ ಸಮುದ್ರದಿಂದ ಬರುವಂತೆ ಅವರಿಗೆ ಹಿಮ ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳಿಂದ ಬರುತ್ತದೆ. ಆ ಮಾರುತಗಳು ದುರ್ಬಲವಾದ ವರ್ಷ ಬೆಟ್ಟ ಒಣಗುತ್ತದೆ. ನಾವು ಮಳೆಯನ್ನು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಎಣಿಸುವ ಹಾಗೆ ಕಾಶ್ಮೀರಿಗಳು ಚಳಿಯನ್ನು ಎಣಿಸುತ್ತಾರೆ: ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಮೊದಲ ನಲವತ್ತರಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂತು ಬೇಸಿಗೆಯವರೆಗೆ ತೊರೆಗಳಿಗೆ ನೀರು ಕೊಡುತ್ತದೆ, ತಡವಾಗಿ ಬಿದ್ದದ್ದು ಬೇಗ ಕರಗಿಹೋಗುತ್ತದೆ. ಹಿಮವಿಲ್ಲದ ವರ್ಷ ನಿಮಗೆ ಪ್ರವಾಸ ತಪ್ಪುತ್ತದೆ, ಅವರಿಗೆ ಸೇಬಿನ ತೋಟಕ್ಕೂ ಭತ್ತದ ಗದ್ದೆಗೂ ನೀರು ತಪ್ಪುತ್ತದೆ. 2023ರ ಬರದಲ್ಲಿ ಕೆರೆ ಬತ್ತಿದ್ದನ್ನು ನೋಡಿದ ಸೊರಬದವರಿಗೆ ಆ ಸಂಕಟ ಗೊತ್ತು.

ಆದ್ದರಿಂದ ರದ್ದು ಮಾಡಿದರೆ ಹಣ ಮರಳುವ ಕೊಠಡಿಯನ್ನೇ ಕಾದಿರಿಸಿ, ದಿನಾಂಕ ಬದಲಿಸಬಹುದಾದ ಟಿಕೆಟ್ ತೆಗೆದುಕೊಳ್ಳಿ, ಗೊಂಡೋಲಾ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ತೆಗೆಯಿರಿ. ಹೊರಡುವ ವಾರದ ಮೊದಲು, ಉಳಿಯಲಿರುವ ಮನೆಯವರಿಗೇ ಫೋನ್ ಮಾಡಿ ಅಂಗಳದಲ್ಲಿ ಹಿಮ ಎಷ್ಟಿದೆ ಎಂದು ಕೇಳಿ. ನಾನು ಉಳಿಯುವ ಮನೆಯ ಯಜಮಾನಿ ಅದನ್ನು ಅಡಿ, ಅಂಗುಲದಲ್ಲಿ ಹೇಳುವುದಿಲ್ಲ, ಅಂಗಳದ ಸೌದೆ ಒಟ್ಟಿಲಿನಲ್ಲಿ ಎಷ್ಟನೆಯ ಸಾಲು ಮುಚ್ಚಿದೆ ಎಂದು ಹೇಳುತ್ತಾರೆ. ನಾಲ್ಕನೆಯ ಸಾಲು ಮುಚ್ಚಿತು ಎಂದ ದಿನ ನಾನು ಚೀಲ ಕಟ್ಟುತ್ತೇನೆ.